ತಂದೆಯ ಮುದ್ರೆ, ತಾಯಿಯ ಮುದ್ರೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಣ ಸೀಮೆ ಕೆಂಗುರಿಯ ತವರು. ಹೆಸರೇ ತಿಳಿಸುವಂತೆ ಇದರ ಮೈಬಣ್ಣ ಬಹುಮಟ್ಟಿಗೆ ಕೆಂಪುಗಂದು. ಟಗರಿಗೆ ಕೊಂಬುಂಟು; ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಇದನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಆದುದರಿಂದ ಹಿಂಡಿಗೆ ಬಿಡುವ ಟಗರನ್ನು ಆರಿಸುವುದು ಕುರಿಗಾರನಿಗೆ ಸಣ್ಣ ಮಾತಲ್ಲ. ಒಂದೇ ಟಗರಿನ ಗುಣ ಹತ್ತಾರು ಮರಿಗಳಿಗೆ ಹರಿಯುತ್ತದೆ. ಮರಿಗೆ ಬರುವ ಗುಣ ಟಗರಿನಿಂದ ಬಂದರೇನು, ತಾಯಿಕುರಿಯಿಂದ ಬಂದರೇನು, ಫಲ ಒಂದೇ ಅಲ್ಲವೆ? ಮೆಂಡೆಲನು 1866ರಲ್ಲಿ ಪ್ರಕಟಿಸಿದ ಬಟಾಣಿಯ ಪ್ರಯೋಗಗಳಿಂದ ನಾವು ಕಲಿತ ಪಾಠವೂ ಅದೇ. ಆದರೆ ಕುರಿಗಳಲ್ಲಿಯೇ ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದ ದೊರೆತಿದೆ.

1983ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಡಾರ್ಸೆಟ್ ತಳಿಯ ಒಂದು ಟಗರು ಅಸಾಧಾರಣವಾಗಿ ದಪ್ಪನಾದ ಹಿಂದೊಡೆಗಳಿಂದ ಗಮನ ಸೆಳೆಯಿತು. ಅದರ ಸಂತತಿಯನ್ನು ಪರಿಶೀಲಿಸಿದಾಗ ಕಂಡದ್ದು ಇದು: ಬದಲಾದ ಜೀನು ತಂದೆಯಿಂದ ಮಾತ್ರ ಬಂದ ಮರಿಗೆ ಹುಟ್ಟಿದ ಕೆಲವು ವಾರಗಳ ಬಳಿಕ ತೊಡೆ ತುಂಬಿಕೊಳ್ಳುತ್ತದೆ. ತಾಯಿಯಿಂದ ಮಾತ್ರ ಬಂದರೆ ಮರಿ ಎಂದಿನಂತೆಯೇ ಇರುತ್ತದೆ. ಇಬ್ಬರಿಂದಲೂ ಬಂದರೆ ಮತ್ತಷ್ಟು ಪುಷ್ಟವಾಗಬೇಕಲ್ಲವೆ? ಆಗುವುದಿಲ್ಲ, ಅದೂ ಎಂದಿನಂತೆಯೇ! ತಾಯಿಯ ಗುಣ ಪಡೆದ ಸಾಧಾರಣ ಮೈಕಟ್ಟಿನ ಟಗರು ಬೆಳೆದು ಹಿಂಡಿಗೆ ಇಳಿದರೆ, ಅದರ ಮರಿಗಳಲ್ಲಿ ಕೆಲವಕ್ಕೆ ಅಜ್ಜನ ತೊಡೆ ಮತ್ತೆ ಬರುತ್ತದೆ. ಕಣ್ಣಳತೆಯಿಂದ ಟಗರನ್ನು ಆರಿಸುವವನು ಇಲ್ಲಿ ಸೋಲಲೇಬೇಕು. (ಆ ಮಾಂಸ ಬಿರುಸು ಎಂಬುದನ್ನೂ ಹೇಳಿಬಿಡೋಣ.) 2002ರಲ್ಲಿ ಕಾರಣ ಸಿಕ್ಕಿತು: ಹದಿನೆಂಟನೆಯ ವರ್ಣತಂತುವಿನಲ್ಲಿ, ಡಿಎಲ್‌ಕೆ1 ಎಂಬ ಜೀನಿನ ಸಮೀಪದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿತ್ತು.

ಇಂಥ ಜೀನುಗಳಿಗೆ ಮುದ್ರಿತ ಜೀನುಗಳೆಂದು ಹೆಸರು. 1984ರಲ್ಲಿ ಇಂಗ್ಲೆಂಡಿನಲ್ಲಿ ಭಾರತೀಯ ಮೂಲದ ಅಜೀಂ ಸುರಾನಿ ಮತ್ತು ಸಂಗಡಿಗರು, ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಅವರು, ಇಲಿಯ ಅಂಡದಲ್ಲಿ ಎರಡೂ ತಾಯಿಯ ಕಡೆಯ ಅಥವಾ ಎರಡೂ ತಂದೆಯ ಕಡೆಯ ಕೋಶಕೇಂದ್ರಗಳನ್ನಿಟ್ಟು ನೋಡಿದರು. ಒಂದು ಭ್ರೂಣವೂ ಜನನದವರೆಗೆ ಉಳಿಯಲಿಲ್ಲ. ಜೀನುಗಳ ಸಂಖ್ಯೆಯೇನೋ ಸರಿಯಾಗಿತ್ತು, ಗುರುತು ಸರಿಯಾಗಿರಲಿಲ್ಲ.

ಈ ಗುರುತೆಂದರೇನು? 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನದಂತೆ ಜೀನಿನ ಅಕ್ಷರಗಳು ಕೊರೆದವು. ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಉಳಿಯುತ್ತವೆ. ಮುದ್ರೆಯಾದರೋ ಕುರಿಯ ಬೆನ್ನಿಗೆ ಬಳಿದ ಬಣ್ಣದಂಥದು. ಮೀಥೈಲ್ ಎಂಬ ಸಣ್ಣ ರಾಸಾಯನಿಕ ತುಣುಕು ಒಂದು ಪ್ರತಿಗೆ ಅಂಟಿಕೊಳ್ಳುವುದರಿಂದ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಮೌನವಾಗಿರುತ್ತದೆ. ವೀರ್ಯಾಣು, ಅಂಡಾಣುಗಳು ಸಿದ್ಧವಾಗುವಾಗ ಹಳೆಯ ಬಣ್ಣ ತೊಳೆದುಹೋಗಿ, ಟಗರಿನಲ್ಲಿ ತಂದೆಯ ಗುರುತು, ಹೆಣ್ಣಿನಲ್ಲಿ ತಾಯಿಯ ಗುರುತು ಹೊಸದಾಗಿ ಬೀಳುತ್ತದೆ. ಮೊಮ್ಮಗನ ಮೂಲಕ ಅಜ್ಜನ ಗುಣ ಮರಳುವ ರಹಸ್ಯ ಇದೇ.

ಇಂಥ ಜೀನುಗಳು ಮನುಷ್ಯನಲ್ಲಿ ಸುಮಾರು ನೂರು. ಅವುಗಳಲ್ಲಿ ಅನೇಕವು ಗರ್ಭದೊಳಗಿನ ಬೆಳವಣಿಗೆಯನ್ನು ನಡೆಸುತ್ತವೆ. ಹುಟ್ಟಿದ ಮೇಲೆ ಅವುಗಳಿಗೇನು ಕೆಲಸವೆಂದು ಬಹುಕಾಲ ಯಾರೂ ಹೆಚ್ಚು ಕೇಳಲಿಲ್ಲ. ಉತ್ತರ ಆಕರಕೋಶಗಳಲ್ಲಿತ್ತು. ನಮ್ಮ ಅಸ್ಥಿಮಜ್ಜೆಯಲ್ಲಿ ರಕ್ತದ ಎಲ್ಲ ಕಣಗಳಿಗೂ ಮೂಲವಾದ ಕೆಲವೇ ಕೋಶಗಳಿವೆ. ಅವು ದಿನವೂ ದುಡಿಯುವುದಿಲ್ಲ. ಬಹುಪಾಲು ಕಾಲ ನಿದ್ರಿಸುತ್ತವೆ. ಬಿತ್ತನೆಯ ಬೀಜವನ್ನು ಉಣ್ಣದೆ ಕಾಯ್ದಿಡುವ ಒಕ್ಕಲಿಗನ ಜಾಣತನವೇ ಇಲ್ಲಿಯೂ ಇದೆ. ಅವುಗಳನ್ನು ಎಬ್ಬಿಸಬಲ್ಲ ಐಜಿಎಫ್2 ಎಂಬ ಜೀನಿನ ತಾಯಿಯ ಪ್ರತಿಯನ್ನು ಪಕ್ಕದ ಒಂದು ನಿಯಂತ್ರಣಭಾಗ ಅದುಮಿಟ್ಟಿರುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಯ ತಾಯಿಯ ಪ್ರತಿಯಿಂದ ಈ ಭಾಗವನ್ನು ತೆಗೆದರು. ಕೋಶಗಳು ಎಚ್ಚೆತ್ತು ವಿಭಜಿಸತೊಡಗಿದವು. ಆದರೆ ಅವನ್ನು ಬೇರೆ ಇಲಿಗೆ ಕಸಿ ಮಾಡಿದಾಗ ದೀರ್ಘಕಾಲ ರಕ್ತವನ್ನು ಕಟ್ಟಿಕೊಡುವ ಶಕ್ತಿ ಕುಂದಿತ್ತು.

ಹಾಗೆಂದು ಮುದ್ರೆ ಎಲ್ಲೆಡೆಯೂ ಬೇಕೇ ಬೇಕೆಂದು ಭಾವಿಸಬಾರದು. ಕುರಿಯ ತೊಡೆಯಲ್ಲಿ ಕಂಡ ಅದೇ ಡಿಎಲ್‌ಕೆ1 ಇಲಿಯ ದೇಹದಲ್ಲಿ ಸಾಮಾನ್ಯವಾಗಿ ತಂದೆಯ ಪ್ರತಿಯಿಂದ ಮಾತ್ರ ನಡೆಯುತ್ತದೆ. ಮಿದುಳಿನ ಆಕರಕೋಶಗಳಲ್ಲಿ, ಹುಟ್ಟಿದ ಬಳಿಕ, ದೇಹವೇ ಆ ಕಟ್ಟನ್ನು ಸಡಿಲಿಸುತ್ತದೆ. ಎರಡೂ ಪ್ರತಿಗಳು ದುಡಿಯುತ್ತವೆ. ಹೊಸ ನರಕೋಶಗಳು ಸರಿಯಾಗಿ ಹುಟ್ಟಲು ಇದು ಅಗತ್ಯವೆಂದು 2011ರ ಒಂದು ಸಂಶೋಧನೆ ತೋರಿಸಿತು. ಒಂದೇ ಜೀನಿಗೆ ಒಂದೆಡೆ ಅರ್ಧ ಪ್ರಮಾಣ ಸಾಕು, ಇನ್ನೊಂದೆಡೆ ಪೂರ್ಣ ಪ್ರಮಾಣ ಬೇಕು. ನಮ್ಮ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಸೋಜಿಗದ ಸಂಗತಿ ಇದೇ.

ದೇಹದ ಅಪ್ಪಣೆಯಿಲ್ಲದೆ ಕಟ್ಟು ಕಳಚಿದರೆ ಮಾತ್ರ ಕೇಡು. ಮಕ್ಕಳ ಮೂತ್ರಪಿಂಡಕ್ಕೆ ತಗಲುವ ವಿಲ್ಮ್ಸ್ ಗಡ್ಡೆಗಳಲ್ಲಿ ಹಲವು ಬಾರಿ ಐಜಿಎಫ್2ರ ಎರಡೂ ಪ್ರತಿಗಳು ಎಚ್ಚೆತ್ತಿರುವುದು 1993ರಲ್ಲಿ ತಿಳಿದುಬಂದಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆಕರಕೋಶಗಳಲ್ಲಿಯೂ ಮುದ್ರೆಗಳು ಅಳಿಸಿಹೋಗುವುದುಂಟು. ಅವನ್ನು ರೋಗಿಯ ದೇಹಕ್ಕೆ ಸೇರಿಸುವ ಮುನ್ನ ಜೀನಿನ ಅಕ್ಷರಗಳನ್ನು ಓದಿದರೆ ಸಾಲದು. ಬಣ್ಣ ಉಳಿದಿದೆಯೇ ಎಂಬುದನ್ನೂ ನೋಡಬೇಕು.