ಲ್ಯಾಬಿನಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಏಕೆ ಓಡಲಿಲ್ಲ?



ಕಕ್ಕಡದ ಮಳೆಗೆ ಕಾಲೇಜಿಗೆ ಮೂರು ದಿನ ರಜೆ ಸಿಕ್ಕಿತ್ತು. ರಜೆ ಮುಗಿದ ಮರುದಿನವೇ ಕಂಪ್ಯೂಟರ್ ಸೈನ್ಸ್ ರೆಕಾರ್ಡ್ ಒಪ್ಪಿಸಬೇಕು. ಲ್ಯಾಬಿನ ಟರ್ಬೊ ಸಿ++ನಲ್ಲಿ ಬರೆದ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿತ್ತು. ಮಗ್ರಿಬ್ ನಮಾಝ್ ಮುಗಿಸಿ ಅಣ್ಣನ ಲ್ಯಾಪ್‌ಟಾಪ್ ತೆರೆದೆ. ಅದರಲ್ಲಿದ್ದದ್ದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್, ಕಂಪೈಲರ್ ಜಿ++. ಪ್ರೋಗ್ರಾಂ ಕಂಪೈಲ್ ಆಗಲೇ ಇಲ್ಲ.

ಮೊದಲ ತಪ್ಪು: 'ಐಒಸ್ಟ್ರೀಮ್ ಡಾಟ್ ಎಚ್' ಎಂಬ ಫೈಲ್ ಇಲ್ಲ. ಟರ್ಬೊ ಸಿ++ 1990ರಲ್ಲಿ ಬಂದದ್ದು; ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಆ ಮಾನದಂಡದಲ್ಲಿ ಹೆಸರಿನ ಕೊನೆಯ 'ಡಾಟ್ ಎಚ್' ಇಲ್ಲ. ಅದನ್ನು ಅಳಿಸಿದೆ.

ಎರಡನೆಯದು: 'ಕೋನಿಯೋ ಡಾಟ್ ಎಚ್' ಇಲ್ಲ. ಅದು ಡಾಸ್ ಕಾಲದ ಕಂಪೈಲರ್‌ಗಳದ್ದು, ಸಿ++ ಭಾಷೆಯದ್ದಲ್ಲ. ಆ ಸಾಲನ್ನೂ, ಅದನ್ನು ನಂಬಿದ್ದ ಪರದೆ ಅಳಿಸುವ ಮತ್ತು ಕೀಲಿಗಾಗಿ ಕಾಯುವ ಎರಡು ಆದೇಶಗಳನ್ನೂ ತೆಗೆದೆ.

ಈಗ ಒಮ್ಮೆಲೇ ನಾಲ್ಕು ತಪ್ಪುಗಳು! ಗಾಬರಿಯಾಯಿತು. ಆದರೆ ಸಿಔಟ್, ಸಿಇನ್, ಎಂಡ್‌ಎಲ್ ಈ ಮೂರಕ್ಕೂ ಕಾರಣ ಒಂದೇ. 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಎಂಬ ಒಂದು ಸಾಲು ಸೇರಿಸಿದಾಗ ಮೂರೂ ಹೋದವು. 'ವಾಯ್ಡ್ ಮೇನ್' ಅನ್ನು 'ಇಂಟ್ ಮೇನ್' ಮಾಡಿದಾಗ ನಾಲ್ಕನೆಯದೂ ಹೋಯಿತು.

ಪ್ರೋಗ್ರಾಂ ಓಡಿತು. ಖುಷಿಯಲ್ಲಿ 8 ಕೊಟ್ಟೆ, ಉತ್ತರ 40320. ರಜೆ ಮುಗಿದು ಲ್ಯಾಬಿಗೆ ಬಂದಾಗ ಹಳೆಯ ಪ್ರೋಗ್ರಾಮಿಗೂ 8 ಕೊಟ್ಟು ನೋಡಿದೆ. ಉತ್ತರ ಮೈನಸ್ 25216! ನಾನು ಅಲ್ಲಿಯವರೆಗೆ 5ನ್ನು ಮಾತ್ರ ಕೊಟ್ಟು ನೋಡಿ, ಸರಿಯಿದೆ ಎಂದು ರೆಕಾರ್ಡ್‌ನಲ್ಲಿ ಬರೆದಿದ್ದೆ.

ಟರ್ಬೊ ಸಿ++ನಲ್ಲಿ 'ಇಂಟ್' ಎಂದರೆ 2 ಬೈಟ್. ಅದರಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆ 32767. ಅಣ್ಣನ ಲ್ಯಾಪ್‌ಟಾಪಿನಲ್ಲಿ ಅದು 4 ಬೈಟ್. ಅಲ್ಲಿಯೂ 12ರವರೆಗೆ ಮಾತ್ರ ಸರಿ. 13 ಕೊಟ್ಟರೆ 6227020800 ಬರಬೇಕಾದಲ್ಲಿ 1932053504 ಬಂತು. ಮೈನಸ್ ಇಲ್ಲದ ಕಾರಣ ತಪ್ಪೆಂದು ಗೊತ್ತೇ ಆಗುವುದಿಲ್ಲ. 'ಇಂಟ್' ಬದಲು 'ಲಾಂಗ್' ಹಾಕಿದರೆ ಲ್ಯಾಬಿನಲ್ಲಿ 12ರವರೆಗೆ, 64 ಬಿಟ್ ಲಿನಕ್ಸ್‌ನಲ್ಲಿ 20ರವರೆಗೆ ಸರಿಯಾದ ಉತ್ತರ ಸಿಗುತ್ತದೆ.

ನಾನು ಕಲಿತದ್ದು ಇಷ್ಟು. ತಪ್ಪುಗಳ ಪಟ್ಟಿ ಉದ್ದವಿದ್ದರೆ ಹೆದರಬೇಡಿ. ಮೊದಲನೆಯದನ್ನು ಓದಿ, ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಏಕೆಂದರೆ ತಿದ್ದಿದ ಪ್ರತಿ ಹಳೆಯ ಕಂಪೈಲರ್‌ನಲ್ಲಿ ಓಡುವುದಿಲ್ಲ. ಕಂಪೈಲ್ ಆಯಿತೆಂದ ಮಾತ್ರಕ್ಕೆ ಉತ್ತರ ಸರಿಯೆಂದು ತಿಳಿಯಬೇಡಿ. ದೊಡ್ಡ ಸಂಖ್ಯೆಯನ್ನೂ ಕೊಟ್ಟು ನೋಡಿ.

ಸರ್ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ರೆಕಾರ್ಡ್‌ನ ಆ ಪುಟವನ್ನು ಮತ್ತೊಮ್ಮೆ ಬರೆದೆ.