ಜಿಬಿಎಸ್: ಮೊದಲ ವಾರದ ಪರೀಕ್ಷೆಗಳಿಂದ ಏನು ತಿಳಿಯುತ್ತದೆ?

ಮಗುವಿಗೆ ಗಿಲ್ಲನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್, ಎಂದು ಗೊತ್ತಾದ ಕೂಡಲೇ ತಂದೆತಾಯಿ ಕೇಳುವುದು ಒಂದೇ: "ಮತ್ತೆ ನಡೀತಾನಾ ಡಾಕ್ಟ್ರೇ?" ಬಹುತೇಕ ಮಕ್ಕಳು ನಡೆಯುತ್ತಾರೆ. ದೊಡ್ಡವರಿಗಿಂತ ಮಕ್ಕಳು ಇದರಿಂದ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಎಷ್ಟು ದಿನ ಬೇಕು ಎಂಬುದನ್ನು ಮಾತ್ರ ಮೊದಲ ದಿನವೇ ಹೇಳಲಾಗದು.

ಜಿಬಿಎಸ್‌ನಲ್ಲಿ ಭೇದಿಯೋ ಜ್ವರವೋ ಬಂದುಹೋದ ಕೆಲವು ದಿನ, ವಾರಗಳಲ್ಲಿ ಮೈಯ ರೋಗನಿರೋಧಕ ಶಕ್ತಿ ದಾರಿತಪ್ಪಿ ನರಗಳ ಮೇಲೆಯೇ ಎರಗುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಅನೇಕರನ್ನು ಕಾಡಿದ್ದು ಇದೇ ಕಾಯಿಲೆ. ಸಾಮಾನ್ಯವಾಗಿ ಕಾಲಿನಿಂದ ಶುರುವಾಗುವ ನಿಶ್ಶಕ್ತಿ 2ರಿಂದ 4 ವಾರ ಹೆಚ್ಚುತ್ತಾ ಹೋಗಬಹುದು. ಚಿಕಿತ್ಸೆ ಶುರುವಾದ ಮೇಲೂ ಹೆಚ್ಚಬಹುದು; ಅದನ್ನು ಕಂಡು ಔಷಧಿ ಹಿಡಿಯಲಿಲ್ಲ ಎಂದುಕೊಳ್ಳಬೇಡಿ.

ಮೊದಲು ನೋಡುವುದು ಉಸಿರಾಟವನ್ನು. ಮಗು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತದೆ, ನುಂಗಲು ಕಷ್ಟವೇ, ಮುಖದ ಸ್ನಾಯುಗಳು ಸೋತಿವೆಯೇ, ನಿಶ್ಶಕ್ತಿ ಎಷ್ಟು ಬೇಗ ಏರಿತು ಎಂಬುದರಿಂದ ವೆಂಟಿಲೇಟರ್ ಬೇಕಾಗಬಹುದೇ ಎಂದು ಅಂದಾಜಿಸುತ್ತಾರೆ. ಐಸಿಯುವಿನಲ್ಲಿ ಇಟ್ಟರೆಂದು ಎದೆಗುಂದಬೇಡಿ. ಹಲವು ಸಲ ಅದು ಮುನ್ನೆಚ್ಚರಿಕೆ.

ನಡಿಗೆಯ ವಿಚಾರಕ್ಕೆ ಹಾಸಿಗೆಯ ಪಕ್ಕದಲ್ಲೇ ಮಾಡುವ ಸ್ನಾಯುಬಲದ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕೈಕಾಲುಗಳ ಆರು ಜೋಡಿ ಸ್ನಾಯುಗುಂಪುಗಳಿಗೆ ತಲಾ 0ಯಿಂದ 5 ಅಂಕ, ಒಟ್ಟು 60. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ವೈದ್ಯರು ಈ ಅಂಕ, ವಯಸ್ಸು ಮತ್ತು ಮೊದಲು ಭೇದಿ ಆಗಿತ್ತೇ ಎಂಬುದನ್ನು ಸೇರಿಸಿ, 6 ತಿಂಗಳೊಳಗೆ ನಡೆಯುವ ಸಾಧ್ಯತೆಯನ್ನು ಅಂದಾಜಿಸುವ ಕ್ರಮ ರೂಪಿಸಿದ್ದಾರೆ. ಆಸ್ಪತ್ರೆ ಸೇರಿದ 7ನೇ ದಿನದ ಅಂಕ ಮೊದಲ ದಿನದ್ದಕ್ಕಿಂತ ಚೆನ್ನಾಗಿ ಮುನ್ಸೂಚನೆ ಕೊಡುತ್ತದೆ. ಆದರೆ ಇದು ಮುಖ್ಯವಾಗಿ ದೊಡ್ಡವರ ದಾಖಲೆಗಳಿಂದ ಹುಟ್ಟಿದ್ದು. ಪುಟ್ಟ ಮಕ್ಕಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಪೋಷಕರನ್ನು ಹೆಚ್ಚು ಕಂಗೆಡಿಸುವುದು ನರಗಳ ವಾಹಕತೆಯ ಪರೀಕ್ಷೆ, ಎನ್‌ಸಿಎಸ್. ನರದ ಯಾವ ಭಾಗಕ್ಕೆ ಪೆಟ್ಟಾಗಿದೆ ಎಂದು ತಿಳಿಯಲು ಇದನ್ನು ಮಾಡುತ್ತಾರೆ. ಹೊರಪೊರೆಗೆ ಮಾತ್ರ ಪೆಟ್ಟಾಗಿದ್ದರೆ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಒಳಗಿನ ತಂತುವೇ ಹಾಳಾಗಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯಬೇಕು, ಕಾಯಬೇಕು. ತೊಡಕೇನೆಂದರೆ, ಮೊದಲ ವಾರದ ವರದಿ ಸಹಜವಾಗಿಯೂ ಇರಬಹುದು. ತಂತು ಹಾಳಾದಂತೆ ಕಂಡದ್ದು ಕೆಲವೊಮ್ಮೆ ತಾತ್ಕಾಲಿಕ ಅಡಚಣೆಯಷ್ಟೇ ಆಗಿದ್ದು, ಬೇಗ ಸರಿಹೋಗಲೂಬಹುದು. ಹಾಗಾಗಿ "ಈ ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡುತ್ತೀರಿ?" ಎಂದು ಧೈರ್ಯವಾಗಿ ಕೇಳಿ. ಬೆನ್ನುಹುರಿ ದ್ರವದ ಪರೀಕ್ಷೆ ಕಾಯಿಲೆ ಯಾವುದೆಂದು ಗುರುತಿಸಲು ನೆರವಾಗುತ್ತದೆ, ಚೇತರಿಕೆಯ ಬಗ್ಗೆ ಹೆಚ್ಚೇನೂ ಹೇಳದು.

ಮಲದ ಮಾದರಿಯನ್ನು ಎರಡು ಸಲ ಕೇಳಿದರೆ ಗಾಬರಿಯಾಗಬೇಡಿ. 15 ವರ್ಷದೊಳಗಿನ ಯಾವ ಮಗುವಿಗೆ ದಿಢೀರ್ ಲಕ್ವ ಬಂದರೂ ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ಭಾರತದಲ್ಲಿ ನಿಯಮ.