ಹೆಣಿಗೆ: ಹವ್ಯಾಸದಿಂದ ವಿನ್ಯಾಸಕ್ಕೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಕಸೂತಿಯ ಸೀಮೆಯೂ ಅದೇ. ಗುರುತು ಹಾಕದೆ, ಗಂಟು ಬೀಳದಂತೆ, ಬಟ್ಟೆಯ ಎಳೆಗಳನ್ನೇ ಎಣಿಸಿ ಗೋಪುರ, ತೊಟ್ಟಿಲು, ಆನೆಗಳನ್ನು ಮೂಡಿಸಬಲ್ಲ ಕೈಗೆ ಉಣ್ಣೆಯ ಹೆಣಿಗೆ ಕಷ್ಟವಾಗದು. ಕೂಸಿಗೊಂದು ಕುಲಾವಿಯಿಂದ ಹವ್ಯಾಸ ಮೊದಲಾಗುತ್ತದೆ. ಆದರೆ ಪರರ ಮಾದರಿಯನ್ನು ನೋಡಿ ಹೆಣೆಯುವುದು ಬೇರೆ, ತಾನೇ ಮಾದರಿಯನ್ನು ರಚಿಸುವುದು ಬೇರೆ.

ವಿನ್ಯಾಸಕ್ಕೆ ತೊಡಗುವವರು ಮೊದಲು ಒಂದು ತುಣುಕನ್ನು ಹೆಣೆದು ಅಳೆಯಬೇಕು. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು ಬಂದವೆನ್ನೋಣ. ಕಸೂತಿಯಲ್ಲಿ 20 ಎಳೆ ಅಗಲ, 20 ಎಳೆ ಎತ್ತರವಿದ್ದ ಗೋಪುರವನ್ನು ಹಾಗೆಯೇ ಇಲ್ಲಿಗೆ ಇಳಿಸಿದರೆ ಅಗಲ 10 ಸೆಂ.ಮೀ., ಎತ್ತರ ಸುಮಾರು 7 ಮಾತ್ರವಾಗಿ, ಗೋಪುರವು ಕುಗ್ಗಿ ಕಟ್ಟೆಯಂತಾದೀತು! ಕುಣಿಕೆಯ ಎತ್ತರವು ಅದರ ಅಗಲಕ್ಕಿಂತ ಕಡಿಮೆಯಿರುವುದೇ ಇದಕ್ಕೆ ಕಾರಣ. ಈ ತಪ್ಪನ್ನು ತಿದ್ದಿಕೊಳ್ಳುವಲ್ಲಿಯೇ ವಿನ್ಯಾಸದ ಓನಾಮ.

ಇಂಗ್ಲೆಂಡಿನಲ್ಲಿ 1910ರಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬಾಕೆ ಸ್ವೆಟರಿನ ಲೆಕ್ಕವನ್ನು ಸುಲಭಗೊಳಿಸಿದರು. ಎದೆಸುತ್ತಿನ ಕುಣಿಕೆಗಳನ್ನು ನೂರೆಂದು ಹಿಡಿದರೆ ಮಣಿಕಟ್ಟಿಗೆ 20, ಕೊರಳಿಗೆ 40 ಎಂಬ ಪ್ರಮಾಣ ಅವರದು. ಮೇಲಿನ ಅಳತೆಯಲ್ಲಿ 90 ಸೆಂ.ಮೀ. ಎದೆಗೆ 180 ಕುಣಿಕೆ. ಮಣಿಕಟ್ಟಿಗೆ 36, ಕೊರಳಿಗೆ 72. ಅವರ ಮಾದರಿಯ ವಿವರಣೆಯನ್ನು ಪತ್ರಿಕೆಯೊಂದು ಮಾರ್ಪಡಿಸಿ ಅಚ್ಚುಹಾಕಿದಾಗ, ಆಕೆ ತಮ್ಮದೇ ಕಿರುಪತ್ರಿಕೆಯನ್ನು ಹೊರಡಿಸತೊಡಗಿದರು.

ಕಸೂತಿಯು ಕೈಯಿಂದ ಕೈಗೆ ಬಂದುದು. ಹೆಣಿಗೆಯ ವಿನ್ಯಾಸವಾದರೋ ಬರೆಹದಲ್ಲಿ ದೂರ ಹೋಗತಕ್ಕದ್ದು. ಆದ್ದರಿಂದ ಬರೆದ ಮಾದರಿಯನ್ನು ಮೊದಲು ನೆರೆಮನೆಯಾಕೆಗೆ ಕೊಟ್ಟು, ತಾನು ಬಾಯಿಬಿಡದೆ, ಹೆಣೆಯಿಸಿ ನೋಡಬೇಕು.